ಸ್ಕ್ಯಾನ್ ಕೋಣೆಯ ಅರಿಶಿನದ ಕೊಂಬು

ಇಪ್ಪತ್ತು ವರ್ಷಕ್ಕೂ ಮೇಲಾಯಿತು, ತುಮಕೂರಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಜನರ ಎದೆಯೊಳಗನ್ನು ನೋಡುವ ಕೆಲಸ ನನ್ನದು. ನೋಡಿ ನೋಡಿ ಸಾಕಾಗಿದೆ. ಕೊರೊನಾದ ಎರಡನೇ ಅಲೆಯ ಆ ಎರಡು ತಿಂಗಳಂತೂ ನಾನು ಪ್ಲಾಸ್ಟಿಕ್ ಗೌನಿನೊಳಗೆ ಬೆವರುವ ಒಂದು ಜೊತೆ ಕೈ ಮಾತ್ರ ಆಗಿದ್ದೆ. ಮೂಗಿಗೆ ಕಡ್ಡಿ ಹಾಕಿದ ಪರೀಕ್ಷೆಯಲ್ಲಿ ನೆಗೆಟಿವ್ ಬಂದರೂ ಏದುಸಿರು ಬಿಡುವವರನ್ನು ಡಾಕ್ಟರುಗಳು ನಮ್ಮ ಕಡೆ ಅಟ್ಟುತ್ತಿದ್ದರು. ಎದೆಯ ಚಿತ್ರದಲ್ಲಿ ರೋಗ ಕಂಡರೆ ಅಂಥವರಿಗೆ ಬೆಡ್ಡು, ಔಷಧಿ. ಗುಬ್ಬಿ, ಕುಣಿಗಲ್, ಹೆಬ್ಬೂರಿನಿಂದ ಬಂದವರು ಮೆಟ್ಟಿಲ ಮೇಲೆಲ್ಲ ಕೂತಿರುತ್ತಿದ್ದರು. ನಾನು ಹೊರಗೆ ತಲೆ ಹಾಕಿದರೆ ಸಾಕು, "ಸ್ಕೋರ್ ಎಷ್ಟು ಮೇಡಂ?" ರೋಗ ಎದೆಯಲ್ಲಿ ಎಷ್ಟು ಹರಡಿದೆ ಎಂದು ಇಪ್ಪತ್ತೈದಕ್ಕೆ ಕೊಡುವ ಅಂಕ ಅದು. ಎಸ್ಸೆಸ್ಸೆಲ್ಸಿ ರಿಸಲ್ಟ್ ಓದುವ ಹೆಡ್‌ಮಿಸ್ ಆಗಿಬಿಟ್ಟಿದ್ದೆ.

ನಮ್ಮ ಮಷೀನಿಗೆ ಲೋಹ ಆಗಿಬರುವುದಿಲ್ಲ. ಎದೆಯ ಮೇಲೆ ಚಿನ್ನವಿದ್ದರೆ ಚಿತ್ರ ಕೆಡುತ್ತದೆ. ಸರ ಬಿಚ್ಚಿ ಎಂದರೆ ಯಾರೂ ಜಗಳ ಆಡುವುದಿಲ್ಲ, ತಾಳಿ ಎಂದಕೂಡಲೇ ಕೊರಳು ಹಿಡಿದುಕೊಳ್ಳುತ್ತಾರೆ. ಗಂಡ ಇರುವವಳ ಕೊರಳು ಒಂದು ಗಳಿಗೆಯೂ ಬರಿದಾಗಬಾರದು. ಮೊದಮೊದಲು ವಾದ ಮಾಡಿ ಗಂಟಲು ಹರಿದುಕೊಂಡೆ. ಆಮೇಲೆ ಬುದ್ಧಿ ಬಂತು. ಅರಿಶಿನದ ಕೊಂಬು ಕಟ್ಟಿದ ದಾರಗಳನ್ನು ಡ್ರಾಯರಿನಲ್ಲಿ ಇಟ್ಟುಕೊಂಡೆ. ಮೊದಲು ಆ ದಾರ ಕೊರಳಿಗೆ, ಆಮೇಲೆ ತಾಳಿ ಕವರಿಗೆ. ನಾನು ಓದಿದ ಪಠ್ಯಪುಸ್ತಕದಲ್ಲಿ ಇದು ಇರಲಿಲ್ಲ, ಆದರೆ ಕೆಲಸ ಸಲೀಸಾಯಿತು.

ಒಂದು ಬೆಳಿಗ್ಗೆ ಹಾಗಲವಾಡಿ ಕಡೆಯ ಹೆಂಗಸೊಬ್ಬಳು ತಮ್ಮನ ಜೊತೆ ಬಂದಳು. ನಲವತ್ತರ ಆಸುಪಾಸು. ಗಂಡ ಬೇರೊಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದ. ಇವಳಿಗೂ ಐದು ದಿನದಿಂದ ಜ್ವರ, ಮೂಗಿನ ಪರೀಕ್ಷೆ ಎರಡು ಸಲ ನೆಗೆಟಿವ್, ಎರಡು ಮಾತಾಡಿದರೆ ಉಸಿರು ಕಟ್ಟುತ್ತಿತ್ತು. ಅವಳ ಮುಂದಿದ್ದ ಹೆಂಗಸಿಗೆ ಬಾಗಿಲಲ್ಲೇ ದಾರ ಕಟ್ಟಿ, ಸ್ಕ್ಯಾನ್ ಮುಗಿಸಿ ಕಳಿಸಿದೆ. ಅಷ್ಟರಲ್ಲಿ ತಮ್ಮ ನನ್ನನ್ನು ಪಕ್ಕಕ್ಕೆ ಕರೆದ.

"ಮೇಡಂ, ನಮ್ ಭಾವ ಹೋಗ್ಬುಟ್ರಂತೆ. ಈಗ ಫೋನ್ ಬಂತು. ಅಕ್ಕಂಗೆ ಹೇಳಿಲ್ಲ. ಹೇಳುದ್ರೆ ಸ್ಕ್ಯಾನೂ ಬ್ಯಾಡ, ಏನೂ ಬ್ಯಾಡ ಅಂತಾಳೆ. ಮೊದ್ಲು ಇದೊಂದ್ ಮುಗ್ಸ್ಬುಡಿ."

ಆಯಿತು ಎಂದೆ. ಅಂಥ ಸುದ್ದಿ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಆದರೂ ಒಳಗೆ ಬಂದಾಗ ಅವಳ ಮುಖ ನೋಡಲಾಗಲಿಲ್ಲ. ಹಿಂದೆ ನಿಂತು ತಾಳಿಯ ಕೊಂಡಿ ಬಿಚ್ಚಿದೆ, ಕವರಿಗೆ ಹಾಕಿದೆ, ಮಲಗಿ ಎಂದೆ. ಅವಳ ಕೈ ಕೊರಳಿನವರೆಗೂ ಹೋಗಿ ಕೆಳಗಿಳಿಯಿತು. ಏನೂ ಕೇಳದೆ ಮಲಗಿದಳು. "ಉಸಿರು ಹಿಡಿದಾಗ ಅಲುಗಾಡಬೇಡಿ, ಅಲುಗಾಡಿದ್ರೆ ಇನ್ನೊಂದ್ಸಲ ತೆಗೀಬೇಕಾಗುತ್ತೆ" ಎಂದು ದಿನವಿಡೀ ಹೇಳುವ ಮಾತನ್ನೇ ಅವಳಿಗೂ ಹೇಳಿ, ಮಷೀನು ನಡೆಸುವ ಕೋಣೆಗೆ, ಗಾಜಿನ ಆಚೆ ಬಂದೆ.

ಅಷ್ಟು ಕೆಮ್ಮು ಇದ್ದವರು ಉಸಿರು ಹಿಡಿಯುವುದು ಕಷ್ಟ. ಅವಳು ಹಿಡಿದಳು. ಎರಡೂ ಶ್ವಾಸಕೋಶದ ಅಂಚಿನಲ್ಲಿ, ಕಿಟಕಿಯ ಗಾಜಿನ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ ಮಬ್ಬು ಮಚ್ಚೆಗಳು. ಮೂಗಿನ ಪರೀಕ್ಷೆಗೆ ಸಿಗದ ರೋಗ ಅಲ್ಲಿತ್ತು. ಸಂಜೆಯೊಳಗೆ ಅವಳಿಗೆ ಬೆಡ್ಡು ಸಿಕ್ಕಿತು ಎಂದು ಆಮೇಲೆ ತಿಳಿಯಿತು. ಹೊರಡುವಾಗ ಕವರ್ ಕೊಟ್ಟರೆ, ತಾಳಿಯನ್ನು ಕೊರಳಿಗೆ ಹಾಕಿಕೊಳ್ಳದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಪಾಪ, ಸುಸ್ತು ಅಂದುಕೊಂಡೆ.

ಆಮೇಲೆ ಎಷ್ಟೋ ದಿನ ಅದೇ ಕೊರಗು. ಗಂಡ ಹೋದದ್ದು ಗೊತ್ತಿದ್ದೂ ಮುಚ್ಚಿಟ್ಟು, ಒಂದು ಹೆಣ್ಣಿಗೆ ಮೋಸ ಮಾಡಿದೆ ಅನ್ನಿಸುತ್ತಿತ್ತು.

ನಾಲ್ಕು ತಿಂಗಳ ಮೇಲೆ, ಎದೆ ವಾಸಿಯಾಗಿದೆಯೇ ಎಂದು ನೋಡಿಸಿಕೊಳ್ಳಲು ಅವಳು ಮತ್ತೆ ಬಂದಳು. ಕೊರಳಲ್ಲಿ ಏನೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅವತ್ತು ನಂಗೆ ಗೊತ್ತಿತ್ತು ಕಣಮ್ಮ. ಹೇಳ್ಲಿಲ್ಲ. ತಪ್ಪಾಯ್ತು."

"ನಂಗೂ ಗೊತ್ತಾಯ್ತು ಬುಡವ್ವ," ಎಂದಳು. "ನನ್ ಮುಂದಿದ್ದೋಳ್ಗೆ ನೀನು ಅರಿಸ್ನದ ದಾರ ಕಟ್ದೆ. ನಂಗೆ ಕಟ್ಲಿಲ್ಲ."

ನನ್ನ ಕೈ ಆ ದಾರಗಳ ಡ್ರಾಯರಿನ ಮೇಲೇ ಇತ್ತು. ಅವತ್ತು ಮರೆತೆನೋ, ಇನ್ನೇಕೆ ಎಂದು ಕೈಯೇ ತೀರ್ಮಾನಿಸಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಗೊತ್ತಾದ್ಮೇಲೂ ಹೆಂಗ್ ಮಲಗಿದ್ಯಮ್ಮ ಅಷ್ಟು ಸುಮ್ನೆ?"

"ಮನೇಲಿ ಎರಡ್ ಮಕ್ಳವೆ. ಅಲ್ಲಾಡುದ್ರೆ ಇನ್ನೊಂದ್ಸಲ ತೆಗೀಬೇಕು ಅಂದ್ಯಲ್ಲ ನೀನು. ಅದ್ಕೇ ಉಸ್ರು ಹಿಡ್ಕೊಂಡೆ."

ತಾನೇ ಹೋಗಿ ಮಲಗಿ, ನಾನು ಹೇಳುವ ಮೊದಲೇ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಕೊಂಡಳು. ನಾನು ಗಾಜಿನ ಆಚೆ ಬಂದು ಮೈಕ್ ಒತ್ತಿದೆ. ಅವಳು ಗಾಜಿನ ಕಡೆ ಮುಖ ಹೊರಳಿಸಿ, ನಾನು ಹೇಳುವವರೆಗೂ ಕಾಯುತ್ತಾ ಮಲಗಿದ್ದಳು.