ಬಾಗಿಲ ಬಳಿಯ ರಬ್ಬರ್ ಟ್ರೇ

ಇವತ್ತು ಬೆಳಿಗ್ಗೆ ರಬ್ಬರ್ ಟ್ರೇ ತೊಳೆಯುವಾಗ ಬಿಸಿನೀರು ತಾಗಿ ಹಳೇ ಟೈರಿನ ವಾಸನೆ ಎದ್ದಿತು. ಒಬ್ಬಳೇ ನಿಂತು ನಕ್ಕೆ. ಕಾಫಿ ತರುವ ಟ್ರೇ ಅಂದುಕೊಳ್ಳಬೇಡಿ. ಕೆನಡಾದ ವಿನಿಪೆಗ್‌ನಲ್ಲಿ ಹಿಮ ಮೆತ್ತಿದ ಬೂಟು ಬಿಚ್ಚಿಡಲು ಬಾಗಿಲ ಒಳಗೆ ಇಂಥದೊಂದು ಇರುತ್ತದೆ. ಹನ್ನೆರಡು ವರ್ಷ ಅಲ್ಲಿದ್ದು, ಅಲ್ಲಿನ ಪ್ರಜೆಯೂ ಆಗಿ, ಗಂಡನ ಆಸ್ಪತ್ರೆ ಕೆಲಸಕ್ಕೆಂದು ಐರ್ಲೆಂಡಿನ ಕಾರ್ಕ್‌ಗೆ ಹೊರಟಾಗ ಇದನ್ನೂ ಕಟ್ಟಿಕೊಂಡೆ. "ಅಲ್ಲಿ ಹಿಮಾನೇ ಬೀಳಲ್ಲ ಕಣೇ, ಇದ್ಯಾಕೆ ಹೊತ್ಕೊಂಡ್ ಬರ್ತೀಯಾ?" ಎಂದರು ಇವರು. ಚಪ್ಪಲಿ ಬಿಟ್ಟು ಒಳಗೆ ಬರುವುದು ಮೈಸೂರಿನಲ್ಲಿ ಅಮ್ಮ ಕಲಿಸಿದ್ದು. ಕೆನಡಾದವರೂ ಹಾಗೇ ಮಾಡುತ್ತಾರೆಂದು ಕಂಡ ದಿನವೇ ನನಗೆ ಅರ್ಧ ಪೌರತ್ವ ಸಿಕ್ಕಂತಾಗಿತ್ತು.

ಕಾರ್ಕ್‌ನಲ್ಲಿ ನಾವಿರುವ ಡಗ್ಲಸ್ ಬಡಾವಣೆಯ ಪಕ್ಕದ ಮನೆಯ ನೋರಾ ಅಜ್ಜಿಗೆ ಮಾತ್ರ ನಾನು ಕೆನಡಾದವಳೆಂದರೆ ಒಪ್ಪಿಗೆಯೇ ಆಗುತ್ತಿರಲಿಲ್ಲ. "ಸರಿಯಮ್ಮಾ, ಆದ್ರೆ ಮೂಲದಲ್ಲಿ ಎಲ್ಲಿಯವಳು?" ಎಂದು ಮೂರು ವರ್ಷ ಕೇಳಿದರು. ನಾನೂ ಬಿಟ್ಟವಳಲ್ಲ. ಪಾಸ್‌ಪೋರ್ಟ್ ತೋರಿಸಿದೆ, ಮೇಪಲ್ ಸಿರಪ್ ಕೊಟ್ಟೆ, ಒಂದು ಪಂದ್ಯವನ್ನೂ ಪೂರ್ತಿ ನೋಡದವಳು ಐಸ್ ಹಾಕಿಯ ಬಗ್ಗೆ ಭಾಷಣ ಬಿಗಿದೆ. ಒಳಗೊಳಗೇ ಬೇಜಾರೂ ಆಗುತ್ತಿತ್ತು. ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ ದಿನ ಅತ್ತವಳು ನಾನು. ಹಾಗೆ ಪಡೆದದ್ದನ್ನು ಯಾರೂ ನಂಬದಿದ್ದರೆ ಹೇಗೆ, ನೀವೇ ಹೇಳಿ?

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಯಾರೂ ಯಾರ ಮನೆಯೊಳಗೂ ಹೋಗುವಂತಿಲ್ಲ, ಮಾತೆಲ್ಲ ಬಾಗಿಲಲ್ಲೇ. ಒಂದು ಮಧ್ಯಾಹ್ನ ನೋರಾ ತಮ್ಮ ಮೆಟ್ಟಿಲ ಮೇಲೆ, ನಾನು ನನ್ನ ಮೆಟ್ಟಿಲ ಮೇಲೆ ಹರಟುತ್ತಿದ್ದಾಗ, ದಿನಸಿ ತಂದವನೊಬ್ಬ ಚೀಲಗಳನ್ನಿಟ್ಟು ಎರಡು ಮೀಟರ್ ಹಿಂದೆ ಸರಿದ. ತೆರೆದ ಬಾಗಿಲೊಳಗಿನ ಟ್ರೇ ಕಂಡದ್ದೇ ಮಾಸ್ಕಿನ ಮೇಲೆ ಅವನ ಕಣ್ಣು ಅರಳಿತು.

"ಕೆನಡಾದಲ್ಲಿ ಯಾವೂರು?"

ಮೂಲ ಕೇಳಲಿಲ್ಲ ನೋಡಿ, ಊರು ಕೇಳಿದ! "ವಿನಿಪೆಗ್!" ಎಂದು ಕಿರುಚಿದೆ. "ನಾನೂ!" ಎಂದು ಅವನೂ ಕಿರುಚಿದ. ಕಿರುಚಿದ್ದಕ್ಕೆ, ಮಾತುಮಾತಿಗೂ ಕ್ಷಮೆ ಕೇಳುವ ಅಪ್ಪಟ ಕೆನಡಾದವರ ಹಾಗೆ, ಇಬ್ಬರೂ 'ಸಾರಿ' ಎಂದೆವು. ಒಟ್ಟಿಗೇ 'ಸಾರಿ' ಎಂದದ್ದಕ್ಕೆ ಇನ್ನೊಂದು 'ಸಾರಿ'. ಅಲ್ಲಿಯ ಚಳಿಯನ್ನು ಇಬ್ಬರೂ ಸೇರಿ ಹೊಗಳುವಷ್ಟರಲ್ಲಿ ಚೀಲದೊಳಗಿನ ಐಸ್‌ಕ್ರೀಂ ಕರಗಿ ಹರಿಯಿತು. ನಾನು ಕುಣಿದೆ ಕೂಡ, ಸುಳ್ಳೇಕೆ ಹೇಳಲಿ.

"ನಮ್ಮ ರಸ್ತೆಗೆಲ್ಲ ಇವಳೊಬ್ಬಳೇ ಕೆನಡಾದ ಹುಡುಗಿ," ಎಂದು ನೋರಾ ಅವನಿಗೆ ಸಾರಿದರು, ಮೂರು ವರ್ಷದಿಂದ ತಾವೇ ವಾದಿಸುತ್ತ ಬಂದವರ ಹಾಗೆ. ನಲವತ್ತೈದರ ನಾನು 'ಹುಡುಗಿ'ಗೂ ಸೇರಿಸಿಯೇ ಹಿಗ್ಗಿದೆ.

ಇವತ್ತು ಟ್ರೇ ಆರುವ ಮೊದಲೇ ನೋರಾ ಚಹಾಕ್ಕೆ ಬಂದರು. ಯಾವಾಗಲೂ ಷೂ ಸಮೇತ ಒಳಬರುವವರು ತೊಳೆದ ಟ್ರೇ ನೋಡಿ ನಿಂತರು. ಗೋಡೆ ಹಿಡಿದು ಬಗ್ಗಿ, ಎರಡೂ ಷೂ ಬಿಚ್ಚಿ, ಅದರಲ್ಲಿ ಜೋಡಿಸಿಟ್ಟರು.

"ಈಗ ನಾನೂ ಕೆನಡಾದವಳೇ, ಅಲ್ವಾ?"

"ಗ್ರ್ಯಾಂಡ್," ಎಂದೆ, ಎಲ್ಲದಕ್ಕೂ ಹಾಗೆನ್ನುವ ಇಲ್ಲಿಯವರ ಧಾಟಿಯಲ್ಲೇ. "ಆದ್ರೆ ಮೂಲದಲ್ಲಿ ಎಲ್ಲಿಯವರು?"