ನಕ್ಷತ್ರವಿಲ್ಲದ ಚಿಕ್ಕು ಮರ

ನಾನು ನಿಂತಿದ್ದದ್ದು ಕಾಪುವಿನ ನಮ್ಮ ಮನೆಯ ಜಗಲಿಯ ಕೊನೆಯ ಮೆಟ್ಟಿಲಿನ ಮೇಲೆ. ಕ್ರಿಸ್ಮಸ್ಸಿಗೆ ಎರಡು ದಿನವಿತ್ತು; ಮಧ್ಯಾಹ್ನ ಮೂರೂವರೆ. ನನಗೆ ಒಂಬತ್ತು ವರ್ಷ. ಅಲ್ಲಿಂದ ಅಂಗಳದ ಚಿಕ್ಕು ಮರ ನೇರವಾಗಿ ಕಾಣುತ್ತಿತ್ತು. ಅದರಲ್ಲಿ ನಕ್ಷತ್ರ ಇರಲಿಲ್ಲ. ಅದಕ್ಕೆ ಕಾರಣ ನಾನು.

ಪ್ರತಿ ವರ್ಷ ಅಜ್ಜ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟುತ್ತಿದ್ದರು. ಆ ವರ್ಷವೂ ಕಟ್ಟಿ ಮುಗಿಸಿದ್ದರು. ಮರಕ್ಕೆ ಏರಿಸುವ ಮೊದಲೇ ಎದೆನೋವು ಬಂತು. ಅಮ್ಮ ಅವರನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ನಾಲ್ಕು ದಿನವಾಗಿತ್ತು. ಕಾರು ಹತ್ತುವಾಗ ಅಜ್ಜ ನನಗೆ ಹೇಳಿದ್ದು ಒಂದೇ ಮಾತು: "ನಕ್ಷತ್ರ ನೀನು ಹಾಕು."

ಹಿಂದಿನ ದಿನ ಅದನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಮೊಣಕಾಲು ತಾಗಿ ಎರಡು ಕೋನ ಹರಿದವು. ಮಂಚದಡಿಗೆ ತಳ್ಳಿದೆ. ಅಡಿಗೆಮನೆಯಿಂದ ಅಜ್ಜಿ ಕೇಳಿದರು, "ಹಾಕಿ ಆಯ್ತಾ?" ಆಯ್ತು ಎಂದೆ. ಆ ದಿನಗಳಲ್ಲಿ ಅವರು ಒಲೆಯ ಬುಡ, ದೇವರ ಪೀಠ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಕ್ರಿಸ್ಮಸ್ಸಿಗೆ ಮಾಡುವ ಕುಸ್ವಾರಿನ ಎಂಟು ಬಗೆಯ ತಿಂಡಿಗಳಲ್ಲಿ ಒಂದನ್ನು ಮಾತ್ರ ಮಾಡಿದ್ದರು, ಕಿಡ್ಯೊ. ಹೊಸ ಬಾಚಣಿಗೆಯ ಮೇಲೆ ಹಿಟ್ಟು ಒತ್ತಿ ಸುರುಳಿ ಮಾಡುವ ಕೆಲಸ ನನ್ನದಾಗಿತ್ತು.

ಕ್ರಿಸ್ಮಸ್ಸಿಗೆ ತಿಂಡಿಯ ತಟ್ಟೆ ನಮ್ಮ ಮನೆಯಿಂದ ನೆರೆಮನೆಗಳಿಗೆ ಹೋಗುತ್ತದೆ. ಮನೆಯಲ್ಲಿ ಸಾವಾದ ವರ್ಷ ಮಾತ್ರ ನಕ್ಷತ್ರವಿಲ್ಲ, ಕುಸ್ವಾರೂ ಇಲ್ಲ. ಆಗ ನೆರೆಯವರು ತಟ್ಟೆ ತರುತ್ತಾರೆ. ಪಕ್ಕದ ಮನೆಯ ತುಳು ಮಾತಾಡುವ ಅಕ್ಕನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೂರೂವರೆಗೆ ಅವರು ಗೇಟು ತೆರೆದು ಬಂದರು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ ಇತ್ತು. ಬಾಗಿಲಿಗೆ ಬಂದ ಅಜ್ಜಿಯ ಕೈ ಹಿಡಿದು ಮೆಲ್ಲಗೆ ಕೇಳಿದರು:

"ದುಬೈಯಿಂದ ಮಗ ಯಾವಾಗ ಮುಟ್ಟುವುದು ಬಾಯಮ್ಮ?"

"ಅವನಾ? ಅವನು ಎಂತಕ್ಕೆ ಬರುವುದು?"

ಅಕ್ಕ ತಟ್ಟೆ ಮುಂದೆ ಹಿಡಿದರು. ಅಜ್ಜಿ ಬಟ್ಟೆ ಸರಿಸಿದರು. ಚಕ್ಕುಲಿ, ಎಳ್ಳುಂಡೆ. ನಮ್ಮೂರಿನಲ್ಲಿ ಮಗ ಗಲ್ಫಿನಿಂದ ಬರುವ ತನಕ ಹೆಣವನ್ನು ಶವಾಗಾರದಲ್ಲಿ ಇಡುವುದುಂಟು. ವಿಷಯವನ್ನು ಹೆಂಡತಿಗೆ ಕೊನೆಗೆ ಹೇಳುವುದೂ ಉಂಟು. ಅಜ್ಜಿ ನನ್ನ ಕಡೆ ತಿರುಗಿದರು.

"ನಿನಗೂ ಗೊತ್ತುಂಟಾ?"

ನಾನು ತಲೆ ತಗ್ಗಿಸಿದೆ. ನಕ್ಷತ್ರಕ್ಕಾಗಿ ತಗ್ಗಿಸಿದ್ದು. ಅಜ್ಜಿ ಅದನ್ನು ಹಾಗೆ ತಿಳಿಯಲಿಲ್ಲ.

ಅವರು ಫೋನಿನ ಹತ್ತಿರ ಹೋಗಿ ಅಮ್ಮನ ಮೊಬೈಲಿಗೆ ಮೂರು ಸಲ ಮಾಡಿದರು. ಎತ್ತಲಿಲ್ಲ. ಕುರ್ಚಿಯಲ್ಲಿ ಕುಳಿತರು. ಅಳಲಿಲ್ಲ. ಹಿಟ್ಟಿನ ಕೈಯನ್ನು ಸೀರೆಗೆ ಒರೆಸುತ್ತಲೇ ಇದ್ದರು. ಒಲೆಯ ಮೇಲೆ ಎಣ್ಣೆ ಹೊಗೆಯಾಡಿದಾಗ ಅಕ್ಕನೇ ಹೋಗಿ ಗ್ಯಾಸ್ ಆರಿಸಿದರು. ಹೀಗೆ ಸುಮಾರು ಇಪ್ಪತ್ತು ನಿಮಿಷ ಕಳೆಯಿತು. ತಟ್ಟೆ ಬಂದದ್ದು ಖಾಲಿ ಮರವನ್ನು ನೋಡಿ ಇರಬೇಕು ಎಂದು ನನಗೆ ಅನಿಸಿತ್ತು. ಖಚಿತವಿರಲಿಲ್ಲ, ಅಕ್ಕನಿಗೆ ಮಣಿಪಾಲದಿಂದ ಸುದ್ದಿ ಬಂದಿರಲೂಬಹುದಿತ್ತು. ನಕ್ಷತ್ರ ಹರಿದಿದೆ ಎಂದು ನಾನು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಫೋನು ಬಡಿಯಿತು. ಅಜ್ಜಿ ಎತ್ತದಿದ್ದುದರಿಂದ ಅಕ್ಕ ಎತ್ತಿ ಅವರ ಕಿವಿಗಿಟ್ಟರು. ಅಮ್ಮನ ಧ್ವನಿ ನನಗೂ ಕೇಳಿಸಿತು: "ಫೋನ್ ಬ್ಯಾಗಲ್ಲಿ ಇತ್ತು. ಈಗ ಗಂಜಿ ಕುಡಿದ್ರು. ನಕ್ಷತ್ರ ಹಾಕಿದ್ರಾ ಅಂತ ಕೇಳ್ತಿದ್ದಾರೆ."

ಅಜ್ಜಿ ಕಿಟಕಿಯಿಂದ ಚಿಕ್ಕು ಮರ ನೋಡಿದರು. ಆಮೇಲೆ ಅಕ್ಕನನ್ನು, ಆಮೇಲೆ ನನ್ನನ್ನು.

"ಹಾಕಿ ಆಗಿದೆ ಅಂತ ಹೇಳು" ಎಂದರು ಅಮ್ಮನಿಗೆ.

ಫೋನಿಟ್ಟು ನನಗೆ, "ತೆಗೊಂಡು ಬಾ" ಎಂದರು. ಅಷ್ಟೇ. ಮಂಚದಡಿಯಿಂದ ನಕ್ಷತ್ರವನ್ನು ಎಳೆದು ತಂದೆ. ಅಕ್ಕ ಮೈದಾ ಅಂಟು ಕಾಯಿಸುತ್ತಾ, "ನಾನೊಂದು ಕತ್ತೆ ಬಾಯಮ್ಮ, ಕೇಳದೆ ಬಂದೆ" ಎಂದು ಅತ್ತರು. "ಅಳಬೇಡ ಮಾರಾಯ್ತಿ, ಅಂಟು ಗಂಟಾಗ್ತದೆ" ಎನ್ನುತ್ತಾ ಅಜ್ಜಿ ಪೇಪರ್ ಕತ್ತರಿಸಿದರು. ಹರಿದ ಕೋನಗಳಿಗೆ ಪೇಪರ್ ಅಂಟಿಸಿ ಕತ್ತಲಾಗುವ ಮೊದಲು ಮರಕ್ಕೆ ಏರಿಸಿದೆವು.

ಅಜ್ಜ ಮನೆಗೆ ಬಂದರು. ಇನ್ನೂ ಆರು ಕ್ರಿಸ್ಮಸ್ ಕಂಡರು. ಅವರಿಗೆ ಈ ಸಂಗತಿ ಯಾರೂ ಹೇಳಲಿಲ್ಲ. ಅಜ್ಜಿಯೂ ಈಗಿಲ್ಲ. ಆ ಇಪ್ಪತ್ತು ನಿಮಿಷವನ್ನು ಕಂಡವರಲ್ಲಿ ಬದುಕಿರುವುದು ನಾನು, ಮತ್ತು ಕಾರ್ಕಳದ ಮಗಳ ಮನೆಯಲ್ಲಿರುವ ಆ ಅಕ್ಕ. ಡಿಸೆಂಬರಿನಲ್ಲಿ ಅವರ ಫೋನು ಬರುತ್ತದೆ. ಕ್ಷೇಮ ಕೇಳುವ ಮೊದಲು ಕೇಳುತ್ತಾರೆ: "ನಕ್ಷತ್ರ ಹಾಕಿ ಆಯ್ತಾ?"

ಹೊರಗೆ ಹೋಗಿ ನೋಡಿ ಬಂದೇ ಹೇಳುತ್ತೇನೆ.