ಹೊಡೆಯುವುದಿಲ್ಲ ಎಂದು ಒತ್ತಿದ ಹೆಬ್ಬೆಟ್ಟು

ಹೋದ ತಿಂಗಳು ನಾನು ಒಬ್ಬ ತಾಯಿಗೆ ಸುಳ್ಳು ಹೇಳಿಕೊಟ್ಟೆ. ಅದೂ ಎಲ್ಲಿ? ಶಾಲೆಯ ಆಫೀಸಿನಲ್ಲಿ, ಹೆಡ್ ಮೇಡಂ ಎದುರಿಗೇ ಕೂತು.

ಇಲ್ಲಿ ಮರಾಠಿ ಸೀಮೆಯ ನಿಗಡಿಯಲ್ಲಿ, ನಮ್ಮ ಬಿಲ್ಡಿಂಗಿನ ಹಿಂದೆ ಹೊಸ ಕಟ್ಟಡವೊಂದು ಏಳುತ್ತಿದೆ. ಅಲ್ಲಿ ಇಟ್ಟಿಗೆ ಹೊರುವ ಮಲ್ಲಮ್ಮ ನಮ್ಮ ಯಾದಗಿರಿ ಕಡೆಯವಳು. ಮಗಳು ಭಾಗ್ಯಳಿಗೆ ಎಂಟು ವರ್ಷ, ಇನ್ನೂ ಶಾಲೆ ಕಂಡಿಲ್ಲ. ನಾನೇ ಹದಿನಾಲ್ಕು ತುಂಬಿದ ಮೇಲೆ ಮೊದಲ ಸಲ ಸ್ಲೇಟು ಹಿಡಿದವನು. ಅಡ್ಮಿಶನ್ ಅಂದರೆ ಸಾಕು, ಕರೆಯದಿದ್ದರೂ ಹೋಗುತ್ತೇನೆ. ಮಲ್ಲಮ್ಮನಿಗೆ ಮರಾಠಿ ಬಿಡಿಸಿ ಹೇಳಲು ಹೋದೆ.

ಎಲ್ಲ ಫಾರ್ಮ್ ಮುಗಿದವು. ಮೇಡಂ ಇನ್ನೊಂದು ಕಾಗದ ತೆಗೆದರು. ಮಗುವಿಗೆ ಹೊಡೆಯುವುದಿಲ್ಲ ಎಂದು ಪಾಲಕರು ಬರೆದುಕೊಡಬೇಕಂತೆ. (ಆ ಶಾಲೆಯವರೇ ಮಾಡಿಕೊಂಡ ನಿಯಮ.) ಯಾಕೆ ಎಂದೆ. ಮೇಡಂ ಬಹಳ ಆಸ್ಥೆಯಿಂದ ವಿವರಿಸಿದರು. ನಾನು ಅಷ್ಟೇ ಆಸ್ಥೆಯಿಂದ ಮಲ್ಲಮ್ಮನಿಗೆ ದಾಟಿಸಿದೆ.

"ನೋಡವ್ವಾ ತಂಗಿ, ಜಗತ್ತಿನ ದೇಶಗೋಳೆಲ್ಲಾ ಕೂಡಿ ಒಂದು ಕರಾರು ಮಾಡ್ಯಾವ. ನಮ್ಮ ದೇಶನೂ ಒಪ್ಪ್ಯದ. ತಾಯಿ-ತಂದಿ ಇರಲಿ, ಕೂಸಿನ್ನ ನೋಡ್ಕೊಳ್ಳೋರು ಬ್ಯಾರೆ ಯಾರರ ಇರಲಿ, ಅದರ ಮ್ಯಾಲ ಹಿಂಸಾ ಆಗದಂಗ ಸರ್ಕಾರ ಕಾಯಬೇಕು."

ಇಂಕ್ ಪ್ಯಾಡ್ ತನಕ ಹೋಗಿದ್ದ ಹೆಬ್ಬೆಟ್ಟನ್ನು ಮಲ್ಲಮ್ಮ ಹಿಂದಕ್ಕೆ ತಗೊಂಡಳು.

"ನಾ ಹೊಡೀತೀನ್ರಿ ಅಣ್ಣಾ."

"ಯಾಕ?"

"ನಾ ಮ್ಯಾಲ ಕೆಲಸಕ್ಕ ಹೋದ್ರ ಬೆನ್ನ ಹಿಂದೇ ಹತ್ತಿ ಬರ್ತಾಳ್ರಿ. ಅಲ್ಲಿ ಗ್ವಾಡಿ ಇಲ್ಲ, ಏನಿಲ್ಲ. ಎರಡು ಕೊಟ್ಟ ದಿನ ಕೆಳಗ ಇರ್ತಾಳ. ಬಿದ್ರ ನಿಮ್ಮ ಜಗತ್ತು ಬಂದು ಹಿಡೀತದೇನ್ರಿ?"

ಮೇಡಂ ಗಡಿಯಾರ ನೋಡಿದರು. ಈ ಕಾಗದ ಇಲ್ಲದೆ ಫೈಲ್ ಮುಂದೆ ಹೋಗುವುದಿಲ್ಲ ಎಂದರು.

"ಸುಮ್ನ ಒತ್ತಿಬಿಡು. ನಿಮ್ಮ ಶೆಡ್ಡಿಗಿ ಬಂದು ಯಾರ್ ನೋಡ್ತಾರ?" ಎಂದೆ.

(ಎರಡು ನಿಮಿಷದ ಹಿಂದೆ ಜಗತ್ತಿನ ಕರಾರು ಹೇಳಿದ್ದೂ ಇದೇ ಬಾಯಿ.)

ಭಾಗ್ಯ ಅವ್ವನ ಸೆರಗು ಜಗ್ಗಿದಳು. "ಒತ್ತವ್ವಾ. ಬೇಕಾದ್ರ ದಿನಾ ಹೊಡಿ. ಸಾಲಿಗಿ ಹಾಕು."

ಏನನ್ನುತ್ತಿದ್ದಾಳೆ ಎಂದು ಮೇಡಂ ಕೇಳಿದರು. ಶಾಲೆ ಬಹಳ ಇಷ್ಟವಾಗಿದೆಯಂತೆ ಎಂದೆ. ಇದು ಸುಳ್ಳೋ ನಿಜವೋ? ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮಲ್ಲಮ್ಮ ಬಿಡಲಿಲ್ಲ. "ಸಾಲಿ ಹನ್ನೆರಡೂವರಿಗಿ ಬಿಡ್ತದ. ನನ್ನ ಕೆಲಸ ಬಿಡೋದು ಆರಕ್ಕ. ನಡಕ ಯಾರ್ ನೋಡ್ತಾರ್ರಿ?"

"ನಮ್ಮನ್ಯಾಗ ಇರಲಿ" ಎಂದುಬಿಟ್ಟೆ. ಆಮೇಲೆ ಹೆಬ್ಬೆಟ್ಟು ಬಿತ್ತು.

ಮನೆಗೆ ಬಂದು ಹೇಳಿದಾಗ ಹೆಂಡತಿ ನಕ್ಕಳು. "ಕರಾರು ನಿಮ್ದು, ಕಾಯೋದು ನಂದು. ಹೌದಿಲ್ರಿ?" ಆದರೂ ದಿನಾ ಮಧ್ಯಾಹ್ನ ಒಂದು ರೊಟ್ಟಿ ಹೆಚ್ಚಿಗೆ ಬಡಿಯತೊಡಗಿದಳು. ಹುಡುಗಿ ಹೊಂದಿಕೊಂಡಳು. ಎಲ್ಲ ಸರಿಯಾಯಿತು ಎಂದುಕೊಂಡೆ.

ಮೊನ್ನೆ ಗುರುವಾರ ಹೆಂಡತಿ ತರಕಾರಿ ಮಂಡಿಗೆ ಹೋಗಿದ್ದಳು. ನಾನು ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡುತ್ತಾ ಕೂತಿದ್ದೆ. ಮನೆ ವಿಪರೀತ ಸುಮ್ಮನಿದೆ ಅನಿಸಿತು. ನೋಡಿದರೆ ಬಾಗಿಲು ತೆರೆದಿದೆ. ಟೆರೇಸಿಗೆ ಓಡಿದೆ. ನಾಲ್ಕನೆಯ ಮಹಡಿ. ಭಾಗ್ಯ ಕಟ್ಟೆಯ ಮೇಲೆ ಕೂತು, ಕಾಲು ಹೊರಗೆ ಇಳಿಬಿಟ್ಟು, ಹಿಂದಿನ ಕಟ್ಟಡದಲ್ಲಿ ಬೆನ್ನು ತಿರುಗಿಸಿ ಇಟ್ಟಿಗೆ ಹೊರುತ್ತಿದ್ದ ಅವ್ವನಿಗೆ ಕೈ ಬೀಸುತ್ತಿದ್ದಳು.

ಸದ್ದು ಮಾಡದೆ ಹೋಗಿ ಸೊಂಟ ಹಿಡಿದು ಒಳಗೆ ಎಳೆದುಕೊಂಡೆ. ಅಷ್ಟಕ್ಕೇ ಮುಗಿಯಬೇಕಿತ್ತು. ಹುಡುಗಿ ನೆಲದ ಮೇಲೆ ನಿಂತಿದ್ದಳು, ಏನೂ ಆಗಿರಲಿಲ್ಲ. ಆಗ ಬಾರಿಸಿದೆ. ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದವು.

ಅವಳು ಅಳಲಿಲ್ಲ. ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡಿದವನು ನಾನು. ಅದನ್ನು ಕಂಡು, ದೊಡ್ಡವರು ಚಿಕ್ಕವರಿಗೆ ಹೇಳುವಂತೆ ಹೇಳಿದಳು:

"ಹೆದರಬ್ಯಾಡ್ರಿ ಕಾಕಾ. ಮೇಡಂ ಮುಂದ ನಾ ಹೇಳಂಗಿಲ್ಲ. ಹೇಳಿದ್ರ ನನ್ನ ಸಾಲಿ ಬಿಡಸ್ತಾರ."

ಸಂಜೆ ಮಲ್ಲಮ್ಮನಿಗೆ ನಾನೇ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಚಲೋ ಮಾಡಿದ್ರಿ ಅಣ್ಣಾ" ಎಂದಳು! ನಾನು ಇನ್ನೂ ಕುಗ್ಗಿದೆ.

ಮರುದಿನ ಟೆರೇಸಿನ ಬಾಗಿಲಿಗೆ ಬೀಗ ಹಾಕಿಸಿದೆ. ಹತ್ತು ನಿಮಿಷದ ಕೆಲಸ. ಮೊದಲೇ ಮಾಡಿದ್ದರೆ ಹೊಡೆತದ ಮಾತೇ ಬರುತ್ತಿರಲಿಲ್ಲವಲ್ಲ? ಆದರೆ ಮಲ್ಲಮ್ಮ ಎಲ್ಲಿಗೆ ಬೀಗ ಹಾಕಬೇಕು? ಅವಳ ಕಟ್ಟಡಕ್ಕೆ ಇನ್ನೂ ಬಾಗಿಲೇ ಕೂತಿಲ್ಲ.

ನಾನೇ ಹೋಗಿ ಮೇಡಂಗೆ ಹೇಳಲೇ? ಹೇಳಿದರೆ ಹುಡುಗಿಯ ಶಾಲೆ ಏನಾಗುತ್ತದೆ? ಹೇಳದಿದ್ದರೆ, ನಾಳೆ ನಿಜಕ್ಕೂ ಕೆಟ್ಟವನೊಬ್ಬ ಹೊಡೆದಾಗಲೂ ಅವಳು ಹೀಗೇ ಬಾಯಿ ಮುಚ್ಚಿಕೊಂಡರೆ? ಮೂರು ದಿನದಿಂದ ತಲೆ ಕೆಟ್ಟಿದೆ.

ಅವಳನ್ನು ಕಾಯಲೆಂದು ಇಷ್ಟು ದೇಶಗಳು ಕೂತು ಕರಾರು ಬರೆದವು, ಸರಿ. ಹಾಗಾದರೆ ಆ ಎಂಟು ವರ್ಷದವಳು ನನ್ನನ್ನು ಯಾಕೆ ಕಾಯುತ್ತಿದ್ದಾಳೆ?